ತಾರುಣ್ಯದ ಅಳಲೂ ಸಮೀಕ್ಷೆಯ ಅಂಕಿಗಳೂ

ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿಗಾಡು ಎಂಬ ಮೂರು ಬಗೆಯ ವಸತಿಗಳಲ್ಲಿ 2,064 ಮಕ್ಕಳನ್ನು ಪರಿಶೀಲಿಸಿದ ಮನೋವೈದ್ಯರ ಒಂದು ತಂಡವು, ನಾಲ್ಕರಿಂದ ಹದಿನಾರು ವರ್ಷ ವಯಸ್ಸಿನವರಲ್ಲಿ ನೂರಕ್ಕೆ 12 ಮಂದಿ ಒಂದಿಲ್ಲೊಂದು ಮಾನಸಿಕ ತೊಂದರೆಗೆ ಒಳಗಾಗಿರುವರೆಂದು 2005ರಲ್ಲಿ ಪ್ರಕಟಿಸಿತು. ಅದಾದ ಮೂರು ವರ್ಷಕ್ಕೆ, ಗೋವೆಯಲ್ಲಿ ಹನ್ನೆರಡರಿಂದ ಹದಿನಾರರ ಪ್ರಾಯದ 2,048 ಮಂದಿಯನ್ನು ವಿಚಾರಿಸಿದ ಮತ್ತೊಂದು ತಂಡವು, ಅಂತಹ ತೊಂದರೆಯುಳ್ಳವರು ನೂರಕ್ಕೆ 1.8ರಷ್ಟು ಮಾತ್ರ ಎಂದು ಸಾರಿತು. ಎರಡು ವರದಿಗಳನ್ನೂ ಅಕ್ಷರಶಃ ನಂಬುವುದಾದರೆ, ಅನಮೋಡದ ಘಟ್ಟವನ್ನು ಇಳಿದ ಮಾತ್ರಕ್ಕೆ ಎಳೆಯರ ಮನಃಕ್ಲೇಶವು ಆರನೆಯ ಒಂದು ಪಾಲಿಗಿಂತಲೂ ಕಡಮೆಯಾಗಿಬಿಡುವುದೆಂದು ಒಪ್ಪಬೇಕಾಗುವುದು. ಹಾಗೆ ಒಪ್ಪಿ ಮಕ್ಕಳನ್ನು ಕಟ್ಟಿಕೊಂಡು ಪಣಜಿಗೆ ಗುಳೆ ಹೋಗುವವರು ಯಾರೂ ಇರಲಾರರು. ಆದರೂ, ಯುವಜನರ ಮನಸ್ಸಿನ ವಿಷಯವಾಗಿ ಇಂದು ವೃತ್ತಪತ್ರಿಕೆಗಳಲ್ಲಿಯೂ ಶಾಸನಸಭೆಗಳಲ್ಲಿಯೂ ಪೋಷಕರ ಸಭೆಗಳಲ್ಲಿಯೂ ಉದ್ಧೃತವಾಗುತ್ತಿರುವ ಅಂಕಿಗಳೆಲ್ಲವೂ ಇದೇ ಜಾತಿಯವು ಎಂಬುದನ್ನು ನೆನೆದಾಗ, ಅವುಗಳನ್ನು ಯಾರು ಕೇಳಿ ಪಡೆದರು, ಎಲ್ಲಿ ಕೇಳಿದರು, ಯಾರ ಸಮ್ಮುಖದಲ್ಲಿ ಕೇಳಿದರು ಎಂಬ ಪ್ರಶ್ನೆಗಳು ಅಂಕಿಗಿಂತ ಮುಂಚಿತವಾಗಿಯೇ ವಿಚಾರಾರ್ಹವಾಗುತ್ತವೆ.

ಬೆಂಗಳೂರಿನ ತಂಡವನ್ನು ನಡೆಸಿದವರು ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮನೋವೈದ್ಯೆ ಡಾ. ಶೋಭಾ ಶ್ರೀನಾಥ್ ಅವರು. ಅವರ ಎಣಿಕೆಯಲ್ಲಿ ಹೆಚ್ಚಾಗಿ ಕಂಡ ತೊಂದರೆಗಳೆಂದರೆ ನಿದ್ದೆಯಲ್ಲಿ ಹಾಸಿಗೆ ಒದ್ದೆಮಾಡಿಕೊಳ್ಳುವುದು, ಯಾವುದೋ ಒಂದು ವಸ್ತುವಿನ ಅಥವಾ ಸನ್ನಿವೇಶದ ಅತಿಯಾದ ಭಯ, ಮಿತಿಮೀರಿದ ಚಂಚಲತೆ, ಉಗ್ಗು, ಎದುರುಬೀಳುವ ಹಟ ಎಂಬಿವು. ಇವುಗಳಲ್ಲಿ ಹಲವು ಬಾಲ್ಯದೊಡನೆಯೇ ಬಂದು ಬಾಲ್ಯದೊಡನೆಯೇ ಹೋಗತಕ್ಕವು, ಹನ್ನೆರಡು ದಾಟಿದವರನ್ನಷ್ಟೇ ಕೇಳಿದ ಗೋವೆಯ ಸಮೀಕ್ಷೆಗೆ ಅವು ಹೆಚ್ಚಾಗಿ ಸಿಕ್ಕುವಂತೆಯೇ ಇರಲಿಲ್ಲ. ಮೇಲಾಗಿ ಒಂದೇ ರಾಶಿಯನ್ನು ಒಬ್ಬನು ಸಣ್ಣಕಣ್ಣಿನ ಜರಡಿಯಿಂದಲೂ ಇನ್ನೊಬ್ಬನು ದೊಡ್ಡಕಣ್ಣಿನ ಜರಡಿಯಿಂದಲೂ ಜಾಲಿಸಿದರೆ ಉಳಿಯುವ ಕಾಳು ಒಂದೇ ಅಳತೆಯದಾಗುವುದೆಂತು? ಬೆಂಗಳೂರಿನ ವಿದ್ವಾಂಸರೇ ತಮ್ಮ ಎರಡನೆಯ ಜರಡಿಯನ್ನು ಕೈಗೆತ್ತಿಕೊಂಡು, ಆ ತೊಂದರೆಯಿಂದ ಮಗುವಿನ ಓದು, ಆಟ, ಮನೆಯ ಬಾಳುವೆ ನಿಜವಾಗಿ ಕೆಟ್ಟಿದೆಯೇ ಎಂದು ವಿಚಾರಿಸಿದಾಗ, ನೂರಕ್ಕೆ 12 ಇದ್ದುದು ನೂರಕ್ಕೆ 5.3ಕ್ಕೆ ಇಳಿಯಿತು. ನಗರದ ಮಧ್ಯಮವರ್ಗವೆಂದಾಗಲಿ ಕೊಳೆಗೇರಿಯೆಂದಾಗಲಿ ಹಳ್ಳಿಯೆಂದಾಗಲಿ ಗಣನೀಯವಾದ ಭೇದ ಕಾಣಲಿಲ್ಲವೆಂಬುದು, ಹಳ್ಳಿಯ ಮಕ್ಕಳು ನಿಶ್ಚಿಂತರೆಂಬ ನಮ್ಮ ರಮ್ಯಕಲ್ಪನೆಗೆ ಆ ಅಧ್ಯಯನವು ಕೊಟ್ಟ ಸಣ್ಣ ಪೆಟ್ಟು. ಮಕ್ಕಳ ತೊಂದರೆಯೊಡನೆ ಗಟ್ಟಿಯಾದ ಸಂಬಂಧವುಳ್ಳವಾಗಿ ಕಂಡ ಎರಡು ಸಂಗತಿಗಳು ದೈಹಿಕ ಹಿಂಸೆ ಮತ್ತು ತಂದೆತಾಯಿಗಳ ಸ್ವಂತ ಮನೋವ್ಯಾಧಿ.

ಆ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ಅಂಕಿ ಬೇರೆಯೇ ಒಂದಿದೆ. ಮಗುವಿಗೆ ಏನೋ ತೊಂದರೆಯಿದೆಯೆಂದು ತಾವಾಗಿ ಗ್ರಹಿಸಿದ್ದ ಕುಟುಂಬಗಳು ನೂರಕ್ಕೆ 37.5 ಮಾತ್ರ. ಉಳಿದವರು ಕ್ರೂರಿಗಳೂ ಅಲ್ಲ, ಅಲಕ್ಷ್ಯಪರರೂ ಅಲ್ಲ. ಮಗು ಸರಿಯಾಗಿ ಉಣ್ಣುತ್ತಿದೆ, ಜ್ವರವಿಲ್ಲ, ಶಾಲೆಗೆ ಹೋಗುತ್ತಿದೆ, ಆದಕಾರಣ ಚೆನ್ನಾಗಿದೆ ಎಂಬ ತರ್ಕವು ನಮ್ಮ ಮನೆಗಳಲ್ಲಿ ಪ್ರಾಚೀನವಾದುದು. ವೈದ್ಯನು ಕಂಡ ಕಷ್ಟಕ್ಕೂ ಮನೆಯವರು ಕಂಡ ಕಷ್ಟಕ್ಕೂ ನಡುವೆ ಇರತಕ್ಕ ಈ ಅಂತರವು, ಮುಂದೆ ನಡೆದ ಬಹುಮಟ್ಟಿನ ಸಮೀಕ್ಷೆಗಳಲ್ಲಿ ಬೇರೆ ಬೇರೆ ವೇಷದಿಂದ ಮರಳಿ ಮರಳಿ ಕಾಣಿಸಿಕೊಳ್ಳುವುದು. ಕಾರಣಗಳ ವಿಷಯದಲ್ಲಿ ಗೋವೆಯ ಸಮೀಕ್ಷೆಯೂ ಬಡವಾದುದೇನಲ್ಲ: ಅಲ್ಲಿ ತೊಂದರೆಯ ಪ್ರಮಾಣ ಅಲ್ಪವಾಗಿದ್ದರೂ, ಬೈಗಳನ್ನೂ ಹೊಡೆತವನ್ನೂ ಉಂಡವರಲ್ಲಿ, ಓದಿನಲ್ಲಿ ಎಡವುತ್ತಿದ್ದವರಲ್ಲಿ, ತಂಬಾಕಿಗೆ ಬಿದ್ದವರಲ್ಲಿ ಅದು ಹೆಚ್ಚಾಗಿಯೂ, ಕಷ್ಟ ಬಂದಾಗ ಮನೆಯವರನ್ನೇ ಮೊದಲ ಆಸರೆಯೆಂದು ಹೇಳಿಕೊಂಡವರಲ್ಲಿ ಕಡಮೆಯಾಗಿಯೂ ಕಂಡಿತು. ಪ್ರಮಾಣದಲ್ಲಿ ಇಷ್ಟು ದೂರ ನಿಂತ ಎರಡು ಅಧ್ಯಯನಗಳು ಕಾರಣದ ವಿಷಯಕ್ಕೆ ಬಂದೊಡನೆ ಹೊಡೆತದ ಮಾತಿನಲ್ಲಿ ಒಂದಾಗುತ್ತವೆ.

ಇವೆರಡಕ್ಕೂ ಹಿಂದಿನ ಪರಂಪರೆಯೊಂದಿದೆ. ವೇಲೂರಿನಲ್ಲಿ 1974ರಲ್ಲಿ ಪ್ರಕಟವಾದ ಅಧ್ಯಯನವು ನೂರಕ್ಕೆ ಸುಮಾರು 8 ಎಂದಿತು. ಕೇರಳದಲ್ಲಿ ಎಂಟರಿಂದ ಹನ್ನೆರಡು ವರ್ಷದವರನ್ನು ನೋಡಿದ 1999ರ ಅಧ್ಯಯನವು 9.4 ಎಂದಿತು. ಭಾರತದ ಇಂತಹ ಅಧ್ಯಯನಗಳನ್ನೆಲ್ಲ ಒಂದೆಡೆ ಕಲೆಹಾಕಿ 2014ರಲ್ಲಿ ಸಾರತೆಗೆದ ಸವಿತಾ ಮಲ್ಹೋತ್ರಾ ಮತ್ತು ಅವರ ಸಹೋದ್ಯೋಗಿಯೊಬ್ಬರ ವಿಮರ್ಶೆಯು, ವಸತಿಗಳಲ್ಲಿ ನಡೆಸಿದ ಅಧ್ಯಯನಗಳ ಪ್ರಕಾರ ಪ್ರಮಾಣವು ನೂರಕ್ಕೆ 6.46 ಎಂದೂ ಶಾಲೆಗಳಲ್ಲಿ ನಡೆಸಿದವುಗಳ ಪ್ರಕಾರ 23.33 ಎಂದೂ ತೋರಿಸಿಕೊಟ್ಟಿತು. ಇದೇ ದೇಶದ ಇದೇ ಮಕ್ಕಳು ಮನೆಯಿಂದ ಹೊರಟು ಶಾಲೆಯ ಮೆಟ್ಟಿಲೇರುವ ಹೊತ್ತಿಗೆ ಮೂರೂವರೆ ಪಾಲು ಹೆಚ್ಚು ವ್ಯಾಧಿಗ್ರಸ್ತರಾದರೇ? ಮನೆಯಲ್ಲಿ ತಾಯಿ ಉತ್ತರ ಹೇಳುತ್ತಾಳೆ, ಅವಳ ಕಣ್ಣಿಗೆ ಮಗನ ಮೌನವು ಸದ್ಗುಣವಾಗಿ ಕಾಣುವುದುಂಟು. ಶಾಲೆಯಲ್ಲಿ ಉಪಾಧ್ಯಾಯರು ಹೇಳುತ್ತಾರೆ, ಅವರ ಕಣ್ಣಿಗೆ ಗಲಾಟೆಯು ರೋಗವಾಗಿ ಕಾಣುವುದುಂಟು. ಇನ್ನು ಮಗುವೇ ಪ್ರಶ್ನಪತ್ರಿಕೆಯನ್ನು ತುಂಬಿದರೆ, ಕಳೆದ ಎರಡು ವಾರದಲ್ಲಿ ನಿನಗೆ ಬೇಸರವೆನಿಸಿತೇ ಎಂಬ ಪ್ರಶ್ನೆಗೆ ಹೌದೆನ್ನದ ಹದಿನೈದು ವರ್ಷದವನು ಲೋಕದಲ್ಲಿ ವಿರಳ. ಶೋಧಿಸುವ ಪ್ರಶ್ನಾವಳಿಯು ಸಂಶಯಿತರನ್ನು ಬೇರ್ಪಡಿಸುವುದಕ್ಕೆ ಹುಟ್ಟಿದ್ದು, ರೋಗವನ್ನು ನಿರ್ಣಯಿಸುವುದಕ್ಕಲ್ಲ. ಅದರ ಫಲವನ್ನೇ ರೋಗಿಗಳ ಸಂಖ್ಯೆಯೆಂದು ಅಚ್ಚುಮಾಡುವ ಅಭ್ಯಾಸವು ಪತ್ರಿಕೆಗಳಲ್ಲಿ ಮಾತ್ರವೇ ಇರುವುದಾಗಿದ್ದರೆ ಕ್ಷಮಿಸಬಹುದಾಗಿತ್ತು.

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಮಾತಿಗೆ ಬರೋಣ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಮೈಸೂರು ಸರಕಾರದ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ಇದನ್ನು ನಡೆಸಿತು. ವಿಧಾನವನ್ನು ಒರೆಗೆ ಹಚ್ಚಿ ನೋಡಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಆದರೆ ಸಮೀಕ್ಷೆಗೆ ಆಯ್ದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವು ಸೇರಿರಲಿಲ್ಲವೆಂಬುದನ್ನು, ಇಲ್ಲಿಯ ಯುವಜನರ ಬಗೆಗೆ ಆ ವರದಿಯನ್ನು ಮುಂದೊಡ್ಡಿ ಭಾಷಣ ಮಾಡುವವರು ಗಮನಿಸಿದಂತೆ ಕಾಣುವುದಿಲ್ಲ. 34,802 ಮಂದಿ ವಯಸ್ಕರ ಜೊತೆಗೆ ಹದಿಮೂರರಿಂದ ಹದಿನೇಳು ವರ್ಷದ 1,191 ಮಂದಿಯನ್ನು ಅದು ಸಂದರ್ಶಿಸಿತು. ಈ ಎಳೆಯರಲ್ಲಿ ನೂರಕ್ಕೆ 7.3 ಮಂದಿಗೆ ಮಾನಸಿಕ ವ್ಯಾಧಿಯಿರುವುದೆಂದೂ, ಮಹಾನಗರಗಳಲ್ಲಿ ಅದು 13.5 ಆಗಿದ್ದರೆ ಗ್ರಾಮಗಳಲ್ಲಿ 6.9 ಎಂದೂ, ದೇಶದ ಮಟ್ಟದಲ್ಲಿ ಸುಮಾರು 98 ಲಕ್ಷ ಮಂದಿ ಹೀಗೆ ಚಿಕಿತ್ಸೆಗೆ ಅರ್ಹರೆಂದೂ ಅದು ಹೇಳಿತು. ಸ್ಥೂಲವಾಗಿ ಲೆಕ್ಕ ಹಾಕಿದರೆ 1,191ರಲ್ಲಿ ನೂರಕ್ಕೆ 7.3 ಎಂಬುದು 87 ಮಂದಿಗೆ ಸಮನಾಗುವುದು. ಈ 87 ಮಂದಿಯ ಹೆಗಲ ಮೇಲೆ 98 ಲಕ್ಷದ ಭಾರ ನಿಂತಿದೆ. ಇದನ್ನು ಕೇಳಿ ನಗುವುದು ಸುಲಭ, ಆದರೆ ನ್ಯಾಯವಲ್ಲ. ಸಂಖ್ಯಾಶಾಸ್ತ್ರದಲ್ಲಿ ಯಾದೃಚ್ಛಿಕವಾಗಿ ಆಯ್ದ ಸಾವಿರ ಮಂದಿಯು ಮನಸ್ಸಿಗೆ ಬಂದಂತೆ ಸೇರಿಸಿದ ಲಕ್ಷ ಮಂದಿಗಿಂತ ಹೆಚ್ಚು ಪ್ರಾಮಾಣಿಕರಾದ ಸಾಕ್ಷಿಗಳು, ತರಬೇತಿ ಪಡೆದವರು ಮುಖಾಮುಖಿ ಕುಳಿತು ಕೇಳಿದ ಪ್ರಶ್ನೆಯ ಬೆಲೆಯು ಕೈಗೆ ಕೊಟ್ಟುಹೋದ ಕಾಗದದ ಬೆಲೆಗಿಂತ ಹೆಚ್ಚಿನದು. ಹಾಗೆಂದು, ಆ 87 ಮಂದಿಯನ್ನು ಮತ್ತೆ ಮಹಾನಗರ, ಗ್ರಾಮ, ಹುಡುಗ, ಹುಡುಗಿ ಎಂದು ಸೀಳಿ, ಒಂದೊಂದು ಹೋಳಿನಿಂದಲೂ ಸಿದ್ಧಾಂತಗಳನ್ನು ಹೊರಡಿಸುವವರಿಗೆ ಕೈ ಮುಗಿದು ದೂರ ನಿಲ್ಲುವುದು ಲೇಸು. ವಯಸ್ಕರ ವಿಷಯದಲ್ಲಿ ಅದೇ ಸಮೀಕ್ಷೆಯು, ವ್ಯಾಧಿಯ ಬಗೆಗೆ ತಕ್ಕಂತೆ ನೂರಕ್ಕೆ 70ರಿಂದ 92ರವರೆಗೆ ಜನ ಚಿಕಿತ್ಸೆಯಿಂದ ದೂರವೇ ಉಳಿದಿರುವರೆಂದು ಕಂಡುಕೊಂಡುದು ಬೆಂಗಳೂರಿನ ಆ 37.5ರ ಒಡಹುಟ್ಟಿದ ಅಂಕಿಯೇ ಸರಿ.

ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದುದು ಎನ್‌ಸಿಇಆರ್‌ಟಿ ಸಂಸ್ಥೆಯು 2022ರ ಜನವರಿಯಿಂದ ಮಾರ್ಚಿಯವರೆಗೆ, ಎಂದರೆ ಮಹಾಮಾರಿಯ ದೆಸೆಯಿಂದ ಮುಚ್ಚಿದ್ದ ಶಾಲೆಗಳು ಮರಳಿ ತೆರೆಯುತ್ತಿದ್ದ ಕಾಲದಲ್ಲಿ, ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳ ನಡುವೆ ನಡೆಸಿದ ಸಮೀಕ್ಷೆ. ಉತ್ತರ ಕೊಟ್ಟವರು 3,79,842 ಮಂದಿ. ಹೆಸರು ಬರೆಯುವುದು ಅವರವರ ಇಷ್ಟಕ್ಕೆ ಬಿಟ್ಟುದು. ಇದರ ಫಲಿತಾಂಶವು ಹೊರಬಿದ್ದಾಗ ಪತ್ರಿಕೆಗಳು ಎತ್ತಿ ಹಿಡಿದ ಅಂಕಿ 81: ನೂರಕ್ಕೆ 81 ವಿದ್ಯಾರ್ಥಿಗಳು ಓದು, ಪರೀಕ್ಷೆ, ಫಲಿತಾಂಶಗಳಿಂದ ಆತಂಕಗೊಂಡಿದ್ದಾರೆ ಎಂಬಂತೆ ಅದು ಮನೆಮಾತಾಯಿತು. ವರದಿಯನ್ನು ಸಾವಧಾನವಾಗಿ ನೋಡಿದರೆ ಕಾಣುವುದೇನೆಂದರೆ, ಆತಂಕಕ್ಕೆ ಕಾರಣ ಯಾವುದೆಂಬ ಪ್ರಶ್ನೆಗೆ ಓದೆಂದವರು ನೂರಕ್ಕೆ 50, ಪರೀಕ್ಷೆ ಮತ್ತು ಫಲಿತಾಂಶವೆಂದವರು 31. ಎರಡನ್ನೂ ಕೂಡಿಸಿದಾಗ 81. ಇತ್ತ, ತಾವು ಆತಂಕದಲ್ಲಿರುವೆವೆಂದು ಹೇಳಿಕೊಂಡವರು 11. ತೀವ್ರವಾದ ಭಾವಾವೇಶಗಳನ್ನು ಅನುಭವಿಸುವೆವೆಂದವರು 14. ಮನಸ್ಸಿನ ಸ್ಥಿತಿ ಕ್ಷಣಕ್ಕೊಂದಾಗುತ್ತದೆಂದವರು 43. ಕಾರಣವನ್ನು ಹೆಸರಿಸುವುದು ಒಂದು, ಕಷ್ಟದಲ್ಲಿರುವುದು ಇನ್ನೊಂದು. ನಿಮಗೆ ಕಾಲು ನೋಯುವುದಾದರೆ ಏತರಿಂದ ಎಂದು ಊರಿನವರನ್ನೆಲ್ಲ ಕೇಳಿ, ನಡಿಗೆಯಿಂದ ಎಂದವರನ್ನೆಲ್ಲ ಕುಂಟರೆಂದು ಬರೆದುಕೊಳ್ಳುವವನ ಲೆಕ್ಕ ಸರಿಯಾದೀತೇ? ಅದೇ ಸಮೀಕ್ಷೆಯಲ್ಲಿ ನೂರಕ್ಕೆ 73 ಮಂದಿ ತಮ್ಮ ಶಾಲಾಜೀವನವು ತೃಪ್ತಿಕರವೆಂದರು. ಸ್ವಂತ ಬದುಕಿನ ಬಗೆಗೆ ತೃಪ್ತಿಯುಳ್ಳವರು ಮಾತ್ರ 51. ಮಾಧ್ಯಮಿಕ ಹಂತದಿಂದ ಪ್ರೌಢ ಹಂತಕ್ಕೆ ಏರುತ್ತ ಹೋದಂತೆ ಎರಡು ತೃಪ್ತಿಗಳೂ ಇಳಿಯುತ್ತ ಹೋದುವೆಂಬುದು 81ಕ್ಕಿಂತ ಎಷ್ಟೋ ಗಂಭೀರವಾದ ಸಂಗತಿ. ಅದಕ್ಕೆ ತಲೆಬರಹದ ಭಾಗ್ಯ ದೊರೆಯಲಿಲ್ಲ.

ಪರೀಕ್ಷೆಯ ಭಯವು ಕಟ್ಟುಕಥೆಯೆಂದು ಇದರ ತಾತ್ಪರ್ಯವಲ್ಲ. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಎಂಬ ಎರಡು ಹೆಬ್ಬಾಗಿಲುಗಳ ಮುಂದೆ ಕನ್ನಡನಾಡಿನ ಒಂದೊಂದು ಕುಟುಂಬವೂ ಉಸಿರು ಬಿಗಿಹಿಡಿದು ನಿಲ್ಲುವುದನ್ನು ಪ್ರತಿ ವೈಶಾಖದಲ್ಲಿಯೂ ಕಾಣುವೆವು. 2024ರಲ್ಲಿ ಸರಕಾರವು ವರ್ಷಕ್ಕೆ ಮೂರು ಬಾರಿ ಪರೀಕ್ಷೆಗೆ ಕುಳಿತು ಉತ್ತಮವಾದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವನ್ನು ಒದಗಿಸಿದುದಕ್ಕೆ ಈ ಭಯವನ್ನು ಕುಗ್ಗಿಸಬೇಕೆಂಬ ಉದ್ದೇಶವೂ ಒಂದು ಕಾರಣವಾಗಿತ್ತು. ಆದರೆ ಶಾಲೆಯ ಕಾಗದದ ಮೇಲೆ ಹುಡುಗನೊಬ್ಬನು ಧಾರಾಳವಾಗಿ ಬರೆಯಬಹುದಾದ ಕಷ್ಟವೂ ಪರೀಕ್ಷೆಯೊಂದೇ ಎಂಬುದನ್ನು ಮರೆಯಲಾಗದು. ಪರೀಕ್ಷೆಯಿಂದ ಟೆನ್ಶನ್ ಎಂದರೆ ಯಾರೂ ಮುಖ ಸಿಂಡರಿಸುವುದಿಲ್ಲ, ಅದರಲ್ಲಿ ಒಂದಿಷ್ಟು ಗೌರವವೂ ಇದೆ. ಅಪ್ಪನ ಕುಡಿತ, ಜಾತಿಯ ಹೀಯಾಳಿಕೆ, ಹೇಳಿಕೊಳ್ಳಲಾಗದ ಪ್ರೀತಿ, ಬಂಧುವೊಬ್ಬನ ಕೆಟ್ಟ ಕೈ, ಇವುಗಳನ್ನು ಬರೆಯುವುದಕ್ಕೆ ಪ್ರಶ್ನಪತ್ರಿಕೆಯಲ್ಲಿ ಸ್ಥಳವಿದ್ದರೂ ಧೈರ್ಯವಿರಬೇಕಲ್ಲ!

ಮನಸ್ಸಿನ ವ್ಯಾಧಿಯನ್ನು ಬಿಟ್ಟು ಯುವಜನರ ಚಿಂತೆಗಳನ್ನೂ ಅಭಿಲಾಷೆಗಳನ್ನೂ ವಿಚಾರಿಸಿದ ಸಮೀಕ್ಷೆಗಳು ಬೇರೊಂದು ವರ್ಗದವು. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ವಿಭಾಗವು 2016ರಲ್ಲಿ ಹತ್ತೊಂಬತ್ತು ರಾಜ್ಯಗಳ 6,122 ಮಂದಿಯನ್ನು ಕೇಳಿದಾಗ ಹದಿನೈದರಿಂದ ಮೂವತ್ತನಾಲ್ಕು ವರ್ಷದವರೆಲ್ಲರನ್ನೂ ಯುವಜನರೆಂದೇ ಪರಿಗಣಿಸಿತು. ಪ್ರೌಢಶಾಲೆಯ ಹುಡುಗಿಯೂ ಎರಡು ಮಕ್ಕಳ ತಂದೆಯೂ ಒಂದೇ ಪಂಕ್ತಿಯಲ್ಲಿ ಕುಳಿತರೆ ಚಿಂತೆಯೆಂಬುದು ಯಾರದೆಂದು ತಿಳಿಯುವುದು ಪ್ರಯಾಸಕರ. ಹೆಚ್ಚು ಹರಿತವಾದ ಪ್ರಶ್ನೆಯನ್ನು ಕೇಳಿದುದು ಯುನಿಸೆಫ್ ಮತ್ತು ಗ್ಯಾಲಪ್ ಸಂಸ್ಥೆಗಳು 2021ರಲ್ಲಿ ಇಪ್ಪತ್ತೊಂದು ದೇಶಗಳಲ್ಲಿ ನಡೆಸಿದ ಸಮೀಕ್ಷೆ. ಮನಸ್ಸಿಗೆ ಕಷ್ಟವಾದಾಗ ಅದನ್ನು ಇತರರಲ್ಲಿ ಹೇಳಿಕೊಂಡು ನೆರವು ಪಡೆಯುವುದು ಒಳ್ಳೆಯದೋ, ತನ್ನಷ್ಟಕ್ಕೆ ತಾನೇ ನಿಭಾಯಿಸಿಕೊಳ್ಳುವುದು ಒಳ್ಳೆಯದೋ ಎಂದು ಕೇಳಿದಾಗ, ಆ ದೇಶಗಳ ಹದಿನೈದರಿಂದ ಇಪ್ಪತ್ತನಾಲ್ಕರ ಪ್ರಾಯದವರಲ್ಲಿ ಸರಾಸರಿ ನೂರಕ್ಕೆ 83 ಮಂದಿ ನೆರವೇ ಒಳ್ಳೆಯದೆಂದರು. ಭಾರತದಲ್ಲಿ ಹಾಗೆಂದವರು 41. ಅರ್ಧಕ್ಕಿಂತ ಕಡಮೆ ಮಂದಿ ಹೌದೆಂದ ದೇಶ ಆ ಇಪ್ಪತ್ತೊಂದರಲ್ಲಿ ನಮ್ಮದೊಂದೇ. ಆಗಾಗ್ಗೆ ಖಿನ್ನತೆ ಕವಿಯುವುದೆಂದು ಒಪ್ಪಿಕೊಂಡ ಭಾರತೀಯ ತರುಣರು ಏಳರಲ್ಲಿ ಒಬ್ಬರು ಮಾತ್ರ. ಎರಡು ಉತ್ತರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಎರಡನೆಯ ಅಂಕಿಯು ಮೊದಲನೆಯದರ ನೆರಳಿನಲ್ಲಿ ನಿಂತಿರುವುದು ಗೋಚರಿಸುವುದು: ಕಷ್ಟವನ್ನು ಪರರಿಗೆ ಹೇಳತಕ್ಕುದಲ್ಲವೆಂದು ನಂಬಿದವನು ಅಪರಿಚಿತನಾದ ಸಮೀಕ್ಷಕನಿಗೆ ತಾನು ಖಿನ್ನನೆಂದು ಏಕೆ ಹೇಳಿಯಾನು? ಸಹನೆಯನ್ನು ಗುಣವೆಂದು ಹೊಗಳಿ ಬೆಳೆಸಿದ ಮಕ್ಕಳು ಸಹಿಸುತ್ತಿದ್ದಾರೆ. ಅದರಲ್ಲಿ ಆಶ್ಚರ್ಯಪಡತಕ್ಕುದೇನೂ ಇಲ್ಲ.

ಬದುಕಿರುವವರು ಹೇಳದೆ ಉಳಿಸಿಕೊಂಡುದನ್ನು ಸತ್ತವರ ಲೆಕ್ಕವು ಸ್ವಲ್ಪಮಟ್ಟಿಗೆ ಹೊರಗೆಡಹುವುದು. ಆದರೆ ಆ ಲೆಕ್ಕವೂ ನಿರ್ದೋಷವಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪ್ರಕಾರ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ, ಅವರಲ್ಲಿ ವಿದ್ಯಾರ್ಥಿಗಳು 13,044. ಈ ಎಣಿಕೆ ಪೊಲೀಸರ ಮಹಜರಿನಿಂದ ಹುಟ್ಟಿದ್ದು. ಆತ್ಮಹತ್ಯೆಯ ಪ್ರಯತ್ನವು ಅಪರಾಧವೆಂದು ದಂಡಸಂಹಿತೆಯಲ್ಲಿದ್ದ ಕಾಲದಲ್ಲಿ, ಮಾನಭಂಗದ ಅಂಜಿಕೆಯೂ ಪೊಲೀಸರ ಅಂಜಿಕೆಯೂ ಕೂಡಿ, ಎಷ್ಟೋ ಸಾವುಗಳು ಅಪಘಾತವೆಂದೋ ಹೊಟ್ಟೆನೋವೆಂದೋ ಬರೆಸಲ್ಪಡುತ್ತಿದ್ದುವು. 2017ರ ಮಾನಸಿಕ ಆರೋಗ್ಯ ಶುಶ್ರೂಷೆಯ ಅಧಿನಿಯಮವು ಹಾಗೆ ಪ್ರಯತ್ನಿಸಿದವನು ತೀವ್ರವಾದ ಒತ್ತಡದಲ್ಲಿದ್ದವನೆಂದೇ ಭಾವಿಸತಕ್ಕುದೆಂದು ವಿಧಿಸಿತು. ವಿಧಿ ಬದಲಾದಷ್ಟು ಬೇಗ ಅಂಜಿಕೆ ಬದಲಾಗದು. ಮನೆಮನೆಗೂ ಹೋಗಿ ಸಾವಿನ ಕಾರಣವನ್ನು ಬಂಧುಗಳ ಬಾಯಿಂದ ಕೇಳಿ ವೈದ್ಯರಿಂದ ನಿರ್ಣಯಿಸಿದ ದಶಲಕ್ಷ ಮರಣಗಳ ಅಧ್ಯಯನವನ್ನು ಆಧರಿಸಿ 2012ರಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನವು, 2010ರಲ್ಲಿ ದೇಶದ ಆತ್ಮಹತ್ಯೆಗಳು ಸುಮಾರು 1,87,000 ಇದ್ದಿರಬೇಕೆಂದು ಅಂದಾಜು ಮಾಡಿತು. ಆ ವರ್ಷ ಪೊಲೀಸರ ದಾಖಲೆಯಲ್ಲಿದ್ದುದು ಸುಮಾರು 1,35,000. ಆತ್ಮಹತ್ಯೆಯಿಂದ ಮಡಿದ ಗಂಡಸರಲ್ಲಿ ನೂರಕ್ಕೆ 40, ಹೆಂಗಸರಲ್ಲಿ 56 ಮಂದಿ ಹದಿನೈದರಿಂದ ಇಪ್ಪತ್ತೊಂಬತ್ತು ವರ್ಷದೊಳಗಿನವರು. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ 22 ಪಾಲಿರುವ ನಾಲ್ಕು ದಕ್ಷಿಣ ರಾಜ್ಯಗಳಲ್ಲಿ ಈ ಸಾವುಗಳ ನೂರಕ್ಕೆ 40ಕ್ಕಿಂತ ಕಡಮೆಯಿಲ್ಲದ ಪಾಲು ಸಂಭವಿಸಿತ್ತು. ಸಾಕ್ಷರತೆ, ಆಸ್ಪತ್ರೆ, ವರಮಾನ ಎಂಬ ಮೂರರಲ್ಲಿಯೂ ಮುಂದಿರುವೆವೆಂದು ಬೀಗುವ ದಕ್ಷಿಣದ ನಾವು ಈ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತುಕೊಳ್ಳಬೇಕು.

ಆ 56 ಎಂಬ ಅಂಕಿಯಲ್ಲಿ ಅಡಗಿದವರು ಯಾರು? ಇಪ್ಪತ್ತೊಂಬತ್ತರೊಳಗಿನ ಸ್ತ್ರೀಯರಲ್ಲಿ ಬಹುಸಂಖ್ಯಾತರು ವಿದ್ಯಾರ್ಥಿನಿಯರಲ್ಲ, ಮದುವೆಯಾಗಿ ಪರಮನೆಗೆ ಹೋದವರು. ಶಾಲೆಯ ಸಮೀಕ್ಷೆಗೆ ಅವರು ದೊರೆಯರು, ಮನೆಯ ಸಮೀಕ್ಷೆಗೆ ದೊರೆತರೆ ಅತ್ತೆಯ ಸಮ್ಮುಖದಲ್ಲಿ ದೊರೆಯುವರು. 2022ರ ಪೊಲೀಸ್ ದಾಖಲೆಯು ಆತ್ಮಹತ್ಯೆಗಳಿಗೆ ಕೊಡುವ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆಯದೇ ಮೊದಲ ಸ್ಥಾನ, ನೂರಕ್ಕೆ 31.7. ಯುವಜನರ ಸಂಕಟವನ್ನು ವಿದ್ಯಾರ್ಥಿಗಳ ಸಂಕಟವೆಂದೂ ವಿದ್ಯಾರ್ಥಿಗಳ ಸಂಕಟವನ್ನು ಪರೀಕ್ಷೆಯ ಸಂಕಟವೆಂದೂ ಕುಗ್ಗಿಸುತ್ತ ಬಂದ ಚರ್ಚೆಯಲ್ಲಿ ಈ ಸ್ತ್ರೀಯರ ಹೆಸರೇ ಬರುವುದಿಲ್ಲ. ಹಾಗೆಯೇ ಶಾಲೆ ಬಿಟ್ಟು ಗಾರ್ಮೆಂಟ್ಸ್ ಕಾರ್ಖಾನೆಗೆ ಸೇರಿದ ಹುಡುಗಿ, ರಾಯಚೂರು ಕಲಬುರಗಿಗಳಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡಗಳ ಕೆಳಗೆ ಮಲಗುವ ಹುಡುಗ, ಹಾಸ್ಟೆಲ್ಲು ಪೀಜಿಗಳಲ್ಲಿ ವಾಸಿಸುತ್ತ ಯಾವ ಮನೆಯ ಪಟ್ಟಿಯಲ್ಲಿಯೂ ಹೆಸರಿಲ್ಲದ ಲಕ್ಷಾಂತರ ಮಂದಿ, ಇವರೆಲ್ಲರೂ ಸಮೀಕ್ಷೆಗಳ ಬಲೆಯ ಕಣ್ಣಿನಿಂದ ನುಸುಳಿಹೋಗುವರು. ಈ ಕೊರತೆಯನ್ನು ಮನಗಂಡು ನಡೆದ ಅಪರೂಪದ ಪ್ರಯತ್ನವೆಂದರೆ, ಪಾಪ್ಯುಲೇಷನ್ ಕೌನ್ಸಿಲ್ ಸಂಸ್ಥೆಯು ಉತ್ತರಪ್ರದೇಶ ಮತ್ತು ಬಿಹಾರಗಳಲ್ಲಿ ಕೈಗೊಂಡ 'ಉದಯಾ' ಅಧ್ಯಯನ. ಹತ್ತರಿಂದ ಹತ್ತೊಂಬತ್ತು ವರ್ಷದವರನ್ನು ಆಯ್ದುಕೊಂಡ ಇದು, ಮದುವೆಯಾದ ಹುಡುಗಿಯರನ್ನು ಒಂದು ಪ್ರತ್ಯೇಕ ವರ್ಗವಾಗಿ ಸೇರಿಸಿಕೊಂಡಿತು. 2015–16ರಲ್ಲಿ ಕೇಳಿದವರನ್ನೇ 2018–19ರಲ್ಲಿ ಮತ್ತೆ ಹುಡುಕಿ ಕೇಳಿತು. ಒಂದು ಸಲ ಕೇಳಿದ ಪ್ರಶ್ನೆಯು ಹೊಡೆತ ತಿಂದವನು ಖಿನ್ನನಾಗಿದ್ದಾನೆಂದು ಹೇಳಬಲ್ಲುದೇ ಹೊರತು, ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಹೇಳಲಾರದು. ಅದೇ ಮನುಷ್ಯನನ್ನು ವರ್ಷಗಳ ಮೇಲೆ ಹಿಂಬಾಲಿಸುವುದು ದುಬಾರಿಯಾದ, ತಾಳ್ಮೆಯನ್ನು ಬೇಡುವ ಕೆಲಸ. ಕರ್ನಾಟಕದಂತಹ ರಾಜ್ಯಕ್ಕೆ ಅದು ಅಶಕ್ಯವೇನಲ್ಲ.

ಕೇಳುವವನು ಯಾರೆಂಬುದಕ್ಕೆ ಮರಳಿದರೆ, ಅದಕ್ಕೆ ಸಂಬಂಧಿಸಿದ ಅತ್ಯಂತ ಬೋಧಪ್ರದವಾದ ಸಾಕ್ಷ್ಯವು ಸಮೀಕ್ಷೆಯೊಂದರಿಂದ ಬಂದುದಲ್ಲ, ಪ್ರಯೋಗವೊಂದರಿಂದ ಬಂದುದು. ಗೋವೆಯ 'ಸಂಗಾತ್' ಸಂಸ್ಥೆಯವರು ಬಿಹಾರದ ನಾಲಂದಾ ಜಿಲ್ಲೆಯ 74 ಸರಕಾರಿ ಪ್ರೌಢಶಾಲೆಗಳನ್ನು ಮೂರು ಪಾಲು ಮಾಡಿ, ಒಂದು ಪಾಲಿನಲ್ಲಿ ಶಾಲೆಯ ಉಪಾಧ್ಯಾಯರೊಬ್ಬರಿಗೂ ಇನ್ನೊಂದು ಪಾಲಿನಲ್ಲಿ ಹೊರಗಿನಿಂದ ನೇಮಿಸಿದ, ವೈದ್ಯರಲ್ಲದ ಸಾಮಾನ್ಯ ಸಲಹೆಗಾರರೊಬ್ಬರಿಗೂ ತರಬೇತಿ ಕೊಟ್ಟು, ಮಕ್ಕಳ ಯೋಗಕ್ಷೇಮದ ಒಂದೇ ಕಾರ್ಯಕ್ರಮವನ್ನು ಇಬ್ಬರಿಂದಲೂ ನಡೆಸಿದರು. ಮೂರನೆಯ ಪಾಲಿನ ಶಾಲೆಗಳು ಇದ್ದಂತೆಯೇ ಮುಂದುವರಿದುವು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಲಹೆಗಾರರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣವು ಮಕ್ಕಳ ಕಣ್ಣಿಗೆ ಗಣನೀಯವಾಗಿ ಸುಧಾರಿಸಿತು, ಖಿನ್ನತೆಯೂ ಪೀಡನೆಯೂ ಇಳಿದುವು. ಉಪಾಧ್ಯಾಯರು ನಡೆಸಿದ ಶಾಲೆಗಳಿಗೂ ಏನೂ ನಡೆಯದ ಶಾಲೆಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಉಪಾಧ್ಯಾಯವರ್ಗವು ಇದರಿಂದ ನೊಂದುಕೊಳ್ಳಬೇಕಾಗಿಲ್ಲ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಂದು ಮೈತುಂಬ ಕೆಲಸ ಹೊತ್ತವರಿಗೆ ಮತ್ತೊಂದನ್ನು ಹೇರಿದರೆ ಅದು ಜಾರಿಬೀಳುವುದು ಸಹಜ. ಅದಕ್ಕೂ ಮಿಗಿಲಾಗಿ, ನಾಳೆ ಅಂಕ ಕೊಡತಕ್ಕವರ ಮುಂದೆ ಇಂದು ಅಳುವುದು ಯಾವ ಮಗುವಿಗೂ ಸುಲಭವಲ್ಲ. ನಿಮ್ಹಾನ್ಸ್ ಸಂಸ್ಥೆಯು ರಾಜ್ಯದ ಯುವ ಸಬಲೀಕರಣ ಇಲಾಖೆಯೊಡನೆ ಕೂಡಿ ಜಿಲ್ಲೆ ಜಿಲ್ಲೆಗಳಲ್ಲಿ ನಡೆಸಿಕೊಂಡು ಬಂದ 'ಯುವ ಸ್ಪಂದನ' ಕೇಂದ್ರಗಳು, ಯುವ ಪರಿವರ್ತಕರೆಂಬ ಹೆಸರಿನ ತರುಣ ಕಾರ್ಯಕರ್ತರನ್ನು ನೆಚ್ಚಿಕೊಂಡುದರ ಹಿಂದೆ ಇದೇ ವಿವೇಕವಿದೆ: ಸಮವಯಸ್ಕನ ಕಿವಿಗೆ ಬೀಳುವ ಮಾತು ಬೇರೆ.

ಉಳಿದಿರುವುದು ನೀತಿಯ ಪ್ರಶ್ನೆ. ಪ್ರಶ್ನಾವಳಿಗಳನ್ನು ರಚಿಸುವವರು ಇದನ್ನು ಚೆನ್ನಾಗಿ ಬಲ್ಲರು, ಅವುಗಳ ಅಂಕಿಗಳನ್ನು ಉದಾಹರಿಸುವವರು ಅಷ್ಟಾಗಿ ನೆನೆಯರು. ಹದಿನೆಂಟು ತುಂಬದವರನ್ನು ಕೇಳಬೇಕಾದರೆ ತಂದೆತಾಯಿಗಳ ಅನುಮತಿ ಬೇಕು. ಮನೆಯಲ್ಲಿ ಹಿಂಸೆಯಿರುವ ಮಗುವನ್ನು ಕೇಳುವುದಕ್ಕೆ ಹಿಂಸಿಸುವವನ ರುಜುವನ್ನೇ ಪಡೆಯಬೇಕಾದ ವಿಪರ್ಯಾಸವು ಇದರಿಂದ ಒದಗುವುದುಂಟು. ಹೆಸರು ಬರೆಸಿದರೆ ಮಗು ನಿಜವನ್ನು ಮುಚ್ಚುವುದು. ಹೆಸರು ಬಿಡಿಸಿದರೆ ನಿಜವನ್ನು ಬರೆಯಬಹುದು, ಆದರೆ ಸಾಯಬೇಕೆನಿಸುತ್ತದೆ ಎಂಬ ಸಾಲಿಗೆ ಗುರುತು ಹಾಕಿದ ಕೈ ಯಾವುದೆಂದು ತಿಳಿಯುವ ಉಪಾಯವು ಆಗ ಸಮೀಕ್ಷಕನಿಗೆ ಉಳಿಯುವುದಿಲ್ಲ. ಅಂಕಿಯು ವರದಿಗೆ ಸೇರುವುದು, ಮಗು ಮನೆಗೆ ಹೋಗುವುದು. ಉತ್ತರ ಏನೇ ಇರಲಿ, ಎದುರು ಕುಳಿತ ಎಲ್ಲರಿಗೂ ನೆರವಿನ ವಿಳಾಸವಿರುವ ಚೀಟಿಯೊಂದನ್ನು ಸಮನಾಗಿ ಹಂಚುವುದು ಈ ಇಕ್ಕಟ್ಟಿಗೆ ಹುಡುಕಿಕೊಂಡಿರುವ ಒಂದು ದಾರಿ. 2022ರ ಅಕ್ಟೋಬರಿನಿಂದ ಆ ಚೀಟಿಯ ಮೇಲೆ ಬರೆಯುವುದಕ್ಕೆ ಮಾನಸಿಕ ನೆರವಿನ ದೂರವಾಣಿ ಸೇವೆಯಾದ ಟೆಲಿ ಮಾನಸ್‌ನ 14416 ಎಂಬ ಉಚಿತ ಸಂಖ್ಯೆಯೊಂದು, ಕನ್ನಡದಲ್ಲಿಯೇ ಮಾತಾಡಬಹುದಾದುದು, ಒದಗಿದೆ. ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಉನ್ನತ ಶಿಕ್ಷಣಸಂಸ್ಥೆಗಳ ವಿದ್ಯಾರ್ಥಿಗಳ ಸಾವುಗಳನ್ನು ಪರಿಶೀಲಿಸುವುದಕ್ಕೆ ನಿವೃತ್ತ ನ್ಯಾಯಮೂರ್ತಿ ರವೀಂದ್ರ ಭಟ್ಟರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು. ಅದೇ ವರ್ಷ ಮತ್ತೊಂದು ತೀರ್ಪಿನಲ್ಲಿ, ಶಿಕ್ಷಣಸಂಸ್ಥೆಗಳೂ ತರಬೇತಿ ಕೇಂದ್ರಗಳೂ ಆಪ್ತಸಲಹೆಯ ವ್ಯವಸ್ಥೆಯನ್ನು ಇಟ್ಟುಕೊಳ್ಳತಕ್ಕುದೆಂದು ಆದೇಶಿಸಿತು. ಹೀಗೆ ನೇಮಕಗೊಳ್ಳುವ ಸಲಹೆಗಾರರು ಸಂಸ್ಥೆಯ ಸಂಬಳದವರಾಗಿದ್ದು, ಕೇಳಿಸಿಕೊಂಡುದನ್ನು ಪ್ರಾಂಶುಪಾಲರಿಗೆ ಒಪ್ಪಿಸಬೇಕಾದವರೋ ಅಲ್ಲವೋ ಎಂಬುದು ಒಂದೊಂದು ಸಂಸ್ಥೆಯಲ್ಲಿಯೂ ಮೊದಲ ದಿನವೇ ಬರವಣಿಗೆಯಲ್ಲಿ ಇತ್ಯರ್ಥವಾಗಬೇಕಾದ ಸಂಗತಿ, ಏಕೆಂದರೆ ವಿದ್ಯಾರ್ಥಿಗಳು ಮೊದಲು ವಿಚಾರಿಸಿಕೊಳ್ಳುವುದು ಅದನ್ನೇ.